ಎದುರು ಸುತ್ತು

ಕಂಪ್ಯೂಟರು ನಮ್ಮ ಶಾಲೆಗೆ ಬಂದದ್ದು ಲಾರಿಯಲ್ಲಿ. ನಮ್ಮೂರು ಆದೋನಿಯಿಂದ ಹತ್ತಿ ಬೇಲು ಹೊತ್ತು ಕರ್ನೂಲಿಗೆ ಹೋಗಿ ಖಾಲಿ ಬರುತ್ತಿದ್ದ ಲಾರಿ ಅದು; ಪೆಟ್ಟಿಗೆಯ ಮೈಗೆಲ್ಲ ಅರಳೆ ಅಂಟಿಕೊಂಡು, ಒಳಗಿರುವುದು ಯಂತ್ರವೋ ದಿಂಬೋ ತಿಳಿಯುವಂತಿರಲಿಲ್ಲ. ಎಂಬತ್ತಾರನೇ ಇಸವಿ. ಸರ್ಕಾರ ಅಲ್ಲೊಂದು ಇಲ್ಲೊಂದು ಶಾಲೆಗೆ ಕಂಪ್ಯೂಟರು ಹಂಚುತ್ತಿದ್ದ ಕಾಲ. ನಮ್ಮ ಹೆಡ್‌ಮಿಸ್ಟ್ರೆಸ್ ರಾಮಲಕ್ಷ್ಮಿ ಮೇಡಂ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಅಟೆಂಡರ್ ದಸ್ತಗಿರಿಗೆ ಒಪ್ಪಿಸಿದರು. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಹೋಗಬೇಕು. ನಮ್ಮ ಮನೆಯ ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ.

ಅದನ್ನು ನಡೆಸುವುದು ಕಲಿಯಲು ಹೈದರಾಬಾದಿಗೆ ಹೋಗಬೇಕಾಗಿದ್ದವರು ಸೈನ್ಸ್ ಮೇಷ್ಟರು. ಅವರ ಹೆಂಡತಿಗೆ ದಿನ ತುಂಬಿತ್ತು. ಹಾಗಾಗಿ ಲೆಕ್ಕದ ಟೀಚರ್ ಅನ್ನಪೂರ್ಣಾಬಾಯಿ, ಅಂದರೆ ನಾನು, ಹೋಗಿ ಬಂದೆ. ನನ್ನನ್ನು ತಡೆಯುವ ಗಂಡನೂ ಇರಲಿಲ್ಲ, ಅಳುವ ಮಗುವೂ ಇರಲಿಲ್ಲ. ನನ್ನ ಜಾತಕ ಯಾರ ಜಾತಕಕ್ಕೂ ಕೂಡಿಬರಲಿಲ್ಲ. ಕೂಡಿಸಿ ನೋಡುತ್ತಿದ್ದವರು ಪಂಚಾಂಗದ ಪಂಡಿತರಾದ ನಮ್ಮಪ್ಪನೇ ಆದ್ದರಿಂದ, ಹೊರಗಿನವರನ್ನು ಬೈಯುವ ಸುಖವೂ ನನಗೆ ಸಿಗಲಿಲ್ಲ.

ಮನೆಯಲ್ಲಿದ್ದವರು ನಾವಿಬ್ಬರೇ, ಅಪ್ಪ ಸೇತುಮಾಧವಾಚಾರ್ಯರು ಮತ್ತು ನಾನು. ಅಮ್ಮ ವೆಂಕೂಬಾಯಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಒಂದು ಭಾನುವಾರ ಊಟವಾದ ಮೇಲೆ ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದು, ಅದರೊಳಗೆ ಧೂಳು ಮೆಲ್ಲಗೆ ತಿರುಗುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದರು. ನನಗೂ ಕಣ್ಣು ಎಳೆಯುತ್ತಿತ್ತು.

"ಅನ್ನಪೂರ್ಣಾ, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ನಿಮ್ಮಮ್ಮನ ಮಾರಿ ನೆನಪಿಗೆ ಬರವಲ್ದು."

ನನಗೆ ಸಿಟ್ಟು ಬಂತು. ಮದುವೆಯಾದ ದಿನದಿಂದ ಆಕೆಯ ಕೈಯಿಂದಲೇ ಬಡಿಸಿಕೊಂಡು ಉಂಡ ಮನುಷ್ಯ ಹೇಳುವ ಮಾತೇ ಇದು? "ನೋಡಿದ್ರ ತಾನ ನೆನಪಿರೋದು?" ಎಂದುಬಿಟ್ಟೆ.

ಅಪ್ಪ ತಿರುಗಿ ರೇಗಲಿಲ್ಲ. "ಹೌದವ್ವಾ, ನೋಡಲಿಲ್ಲ. ನಮ್ಮ ಕಾಲದಾಗ ಯಾರು ನೋಡ್ತಿದ್ರು? ಉಣ್ಣುವಾಗ ಆಕಿ ಬಡಿಸ್ತಿದ್ಲು, ನನಗ ಕೈ ಅಷ್ಟ ಕಾಣ್ತಿತ್ತು. ಹಾದ್ಯಾಗ ಹೊಂಟ್ರ ನಾ ಮುಂದ, ಆಕಿ ಹಿಂದ. ದ್ವಾದಶಿ ದಿನ ತುಳಸಿ ಸುತ್ತುವಾಗೂ ನಾ ಮುಂದ, ಆಕಿ ಹಿಂದ. ಮೊದಲಿಗೆ ಕಣ್ಣು ಮುಚ್ಚಿದ್ರ ಬರ್ತಿತ್ತು. ಈಗ ಕಣ್ಣು ಮುಚ್ಚಿದ್ರ ಬರೇ ಕತ್ತಲಿ." ಮತ್ತೆ ಹೇಳಿದರು: "ನಾಳೆ ನಾನೂ ಹೋಗ್ತೀನಿ. ಅಲ್ಲಿ ಎದುರಿಗೆ ಬಂದಾಗ ನನಗ ಗುರ್ತು ಹತ್ತಲಿಲ್ಲಂದ್ರ ಹ್ಯಾಂಗ?"

ಶ್ಲೋಕ ಬಿಟ್ಟು ಬೇರೆ ಮಾತು ಅಷ್ಟು ಉದ್ದ ಆಡಿದ್ದನ್ನು ನಾನು ಕೇಳಿದವಳಲ್ಲ. ಸಿಟ್ಟು ಇಳಿಯಿತು. ಅಡುಗೆಮನೆಗೆ ಹೋಗಿ ನಾನೂ ಕಣ್ಣು ಮುಚ್ಚಿ ನೋಡಿದೆ. ಮೂಗುಬಟ್ಟಿನ ಮಿನುಗು ಬಂತು, ಕಿವಿಯ ತೂತು ಜೋತುಬಿದ್ದದ್ದು ಬಂತು, ಬೆನ್ನಿಗೆ ಹಚ್ಚಿದ ನೀಲಗಿರಿ ಎಣ್ಣೆಯ ವಾಸನೆ ಬಂತು. ಮುಖ ಮಾತ್ರ ಬರಲಿಲ್ಲ. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ, ನೆಂಟರ ಗುಂಪಿನ ಕೊನೆಗೆ ನಿಂತ ಅಮ್ಮ ಸರಿಯಾಗಿ ಆ ಗಳಿಗೆಗೇ ತಲೆ ಬಗ್ಗಿಸಿದ್ದಳು. ಅದರಲ್ಲಿ ಕಾಣುವುದು ಬೈತಲೆ ಮಾತ್ರ.

ಕಂಪ್ಯೂಟರಿನಲ್ಲಿ ಚಿತ್ರ ಬರೆಯಬಹುದೆಂದು ಹೈದರಾಬಾದಿನಲ್ಲಿ ಹೇಳಿಕೊಟ್ಟಿದ್ದರು. ಗ್ರಾಫ್ ಹಾಳೆಯ ಚೌಕಗಳಲ್ಲಿ ಯಾವುದು ಬೆಳಗಬೇಕು, ಯಾವುದು ಕಪ್ಪಾಗಿರಬೇಕು ಎಂದು ಗುರುತು ಹಾಕಿ, ಅದನ್ನು ಅಂಕಿಗಳಾಗಿ ಮಾಡಿ ಟೈಪು ಮಾಡಬೇಕು. ಚುಕ್ಕಿ ಇಟ್ಟು ರಂಗೋಲಿ ಹಾಕಿದವರಿಗೆ ಅದೇನು ಬ್ರಹ್ಮವಿದ್ಯೆಯಲ್ಲ. ಶಾಲೆ ಬಿಟ್ಟ ಮೇಲೆ ನಾನು ಅಮ್ಮನ ಮುಖ ಬರೆಯಲು ಕೂತೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಮೂಗು ಇಟ್ಟರೆ ಮೂಗುಬಟ್ಟಿಗೆ ಜಾಗವಿಲ್ಲ, ಮೂಗುಬಟ್ಟು ಇಟ್ಟರೆ ಮೂಗೇ ಇಲ್ಲ. ಒಂದು ಚೌಕ ಹೆಚ್ಚಾದರೆ ತುಟಿ ಊದಿಕೊಳ್ಳುತ್ತದೆ, ಕಡಿಮೆಯಾದರೆ ಹಲ್ಲು ಬಿದ್ದಂತಾಗುತ್ತದೆ. ಕಸ ಗುಡಿಸಲು ಬಂದ ದಸ್ತಗಿರಿ ಬಹಳ ಭಕ್ತಿಯಿಂದ ನಿಂತು ನೋಡಿದ.

"ಹನುಮಪ್ಪ ಭಾಳ ಚಲೋ ಬಂದಾನ ನೋಡ್ರಿ ಮೇಡಂ," ಎಂದ.

ನಾನು ಸ್ವಿಚ್ ಆರಿಸಿ ಮನೆಗೆ ಬಂದೆ.

ಗೋಡೆಯಾಚೆ ಗುರುಲಿಂಗಮ್ಮನವರ ಮನೆ. ಹತ್ತಿ ವ್ಯಾಪಾರದ ಸೋಮಶೇಖರಪ್ಪನವರ ಹೆಂಡತಿ, ಅಮ್ಮನ ಜೀವದ ಗೆಳತಿ. ಅಮ್ಮ ಬೆಳಿಗ್ಗೆ ಮಡಿಯಲ್ಲಿರುತ್ತಿದ್ದ ಕಾರಣ ಇವರು ಒಳಗೆ ಬರುವಂತಿರಲಿಲ್ಲ. ಆದ್ದರಿಂದ ಇಬ್ಬರೂ ಗೋಡೆಯ ಆಚೆ ಈಚೆ ನಿಂತೇ ಊರಿನ ಸುದ್ದಿಯನ್ನೆಲ್ಲ ಮುಗಿಸುತ್ತಿದ್ದರು. ಕರಿಬೇವು ಆ ಕಡೆಯಿಂದ ಬರುತ್ತಿತ್ತು, ಉಪ್ಪಿನಕಾಯಿ ಈ ಕಡೆಯಿಂದ ಹೋಗುತ್ತಿತ್ತು. ನನ್ನ ಕಥೆ ಕೇಳಿ ಗುರುಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು.

"ಮಾರಿ ಬಿಡವ್ವಾ. ಮಾರಿ ಯಾರಿಗೆ ಕಾಣ್ತಿತ್ತು? ನನಗ ಈ ಗ್ವಾಡಿ ಮ್ಯಾಲ ನಿಮ್ಮವ್ವನ ತಲಿ ಅಷ್ಟ ಕಾಣ್ತಿತ್ತು. ತುಳಸಿ ಸುತ್ತ ಆ ತಲಿ ಏರ್ತಾ ಇಳೀತಾ ಹೋಗ್ತಿತ್ತು. ಅದನ್ನ ನೋಡೇ ಹೇಳಿಬಿಡ್ತಿದ್ದೆ, ಇವತ್ತು ವೆಂಕೂಬಾಯಿಗೆ ಸಿಟ್ಟು ಬಂದೈತಿ, ಇವತ್ತು ಮೈಯಾಗ ಆರಾಮಿಲ್ಲ ಅಂತ. ಸುತ್ತೂವಾಗ ಒಂದು ಕಡಿಗೆ ತಲಿ ಗಪ್ಪನ ಮುಳುಗಿ ಮತ್ತ ಏಳ್ತಿತ್ತು. ಅದ್ಯಾಕೋ ನನಗ ಇವತ್ತಿಗೂ ತಿಳೀಲಿಲ್ಲ."

ಯಾಕೆಂದು ನನಗೆ ಗೊತ್ತಿತ್ತು. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗವೊಂದಿತ್ತು. ಮಡಿಯುಟ್ಟ ಅಮ್ಮನಿಗೆ ಆ ಮೈಲಿಗೆ ಬಟ್ಟೆ ತಾಗಬಾರದು. ಅಲ್ಲಿಗೆ ಬಂದಾಗ ಬಗ್ಗಿ ದಾಟುತ್ತಿದ್ದಳು. ಒಂದು ಮಳೆಗಾಲದಲ್ಲಿ ಹಗ್ಗ ಹರಿದುಹೋಯಿತು, ಅಪ್ಪ ಹೊಸದನ್ನು ಹಿತ್ತಲಿಗೆ ಕಟ್ಟಿಸಿದರು. ಹಗ್ಗವಿಲ್ಲದ ಅಂಗಳದಲ್ಲೂ ಅಮ್ಮ ಕೊನೆಯ ತನಕ ಅದೇ ಜಾಗಕ್ಕೆ ಬಂದು ಬಗ್ಗುತ್ತಲೇ ಇದ್ದಳು.

ಅವತ್ತು ಗ್ರಾಫ್ ಹಾಳೆಯಲ್ಲಿ ಮುಖ ಒರೆಸಿ ಹಾಕಿ, ಆ ಜಾಗದಲ್ಲಿ ಒಂದು ದುಂಡನೆಯ ತಲೆಯಿಟ್ಟೆ. ಅಲ್ಲಿಂದ ಮುಂದೆ ತುಳಸಿ ಸುತ್ತುವ ಅಮ್ಮನ ನಡಿಗೆಯೇ ನನ್ನ ಕೆಲಸವಾಯಿತು.

ನಡಿಗೆ ಅಂದರೆ ಸುಲಭವೇನಲ್ಲ. ಮೊದಲು ನಡೆಸಿದಾಗ ಬೊಂಬೆ ಎಣ್ಣೆ ಚೆಲ್ಲಿದ ಬಂಡೆಯ ಮೇಲೆ ಜಾರುತ್ತ ಹೋದಂತೆ ಹೋಯಿತು. ನೆಲಕ್ಕೆ ಊರಿದ ಕಾಲು ಅಲ್ಲೇ ನಿಲ್ಲಬೇಕು, ಮೈ ಅದನ್ನು ದಾಟಿ ಮುಂದಕ್ಕೆ ಹೋಗಬೇಕು. ಇದು ಹುಟ್ಟಿದ ಕೂಸಿಗೂ ವರ್ಷದೊಳಗೆ ಬರುವ ವಿದ್ಯೆ. ನನಗೆ ಬರಲು ಒಂದು ತಿಂಗಳೇ ಹಿಡಿಯಿತು. ಆಮೇಲೆ ಮಂಡಿ. ಮಂಡಿ ಮಡಿಸದಿದ್ದರೆ ಮರಗಾಲು, ಹೆಚ್ಚು ಮಡಿಸಿದರೆ ಪರೇಡು. ಕಾಲು ಬದಲಾದಾಗ ಸೊಂಟ ಒಂದಿಷ್ಟು ಆ ಕಡೆ ವಾಲದಿದ್ದರೆ ಮೈಗೆ ಭಾರವೇ ಇರುವುದಿಲ್ಲ, ಭಾರವಿಲ್ಲದ್ದಕ್ಕೆ ಜೀವವೂ ಇರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಯಂತ್ರವನ್ನು ಬೇಕಾದಷ್ಟು ಬೈದೆ.

ಊರಿನಲ್ಲಿ ಹೆಂಗಸರ ಕಾಲು ನೋಡುತ್ತ ತಿರುಗಾಡಿದೆ. ಹತ್ತಿ ಮಾರ್ಕೆಟ್ಟಿನ ಮುಂದೆ ಹೊರೆ ಹೊತ್ತವರು ಕುತ್ತಿಗೆ ಅಲುಗದಂತೆ ಸೊಂಟದಲ್ಲೇ ನಡೆಯುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಆಲೂರಿನ ಬಸ್ಸು ತಪ್ಪಿಸಿಕೊಂಡವಳು ಓಡುವಾಗ ಒಂದು ನಡಿಗೆ, ತಪ್ಪಿತೆಂದು ತಿಳಿದು ವಾಪಸು ಬರುವಾಗ ಇನ್ನೊಂದು. ಇಷ್ಟು ಬಗೆಯ ನಡಿಗೆಗಳ ನಡುವೆ ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಓಡಾಡಿದ್ದೆನಲ್ಲ ಎಂದು ಬೆರಗಾಯಿತು. ಸಂಜೆ ಬೆಟ್ಟದ ಕೋಟೆಯ ಮೇಲೆ ಬಿಸಿಲು ಕೆಂಪಾಗುತ್ತಿದ್ದ ಹೊತ್ತಿನಲ್ಲಿ ಬೀದಿಯ ಮುಖಗಳು ಕಪ್ಪಾಗಿ ಅಳಿಸಿಹೋಗುತ್ತಿದ್ದವು. ಆಗಲೂ ದೂರದಿಂದ ಬರುವವರು ಯಾರೆಂದು ಗೊತ್ತಾಗುತ್ತಿತ್ತು. ಬೊಂಬೆಯೂ ಅಷ್ಟು ಗೊತ್ತಾದರೆ ಸಾಕು ಅನ್ನಿಸಿತು.

ನಿದ್ದೆಯಲ್ಲೂ ಅದೇ. ಅಮ್ಮ ಹಸಿರು ಚೌಕಗಳಾಗಿ ಅಂಗಳಕ್ಕೆ ಬರುತ್ತಿದ್ದಳು. ತುಳಸಿಯ ಹಿಂದೆ ಹೋದರೆ ಒಂದೊಂದೇ ಚೌಕ ಆರುತ್ತಿತ್ತು, ಈ ಕಡೆ ಬಂದರೆ ಒಂದೊಂದೇ ಹೊತ್ತಿಕೊಳ್ಳುತ್ತಿತ್ತು. ಮಾತಾಡಿಸಿದರೆ ನಿಲ್ಲುತ್ತಿರಲಿಲ್ಲ. ನನಗೆ ದುಃಖವಾಗುತ್ತಿರಲಿಲ್ಲ, ಅವಳ ಎಡಗಾಲು ಸರಿಯಾಗಿ ಊರುತ್ತಿದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದೆ.

ಎಡಗಾಲೇ ತೊಡಕು. ಹಿಂದೊಮ್ಮೆ ಬಾವಿಯ ಮೆಟ್ಟಿಲಲ್ಲಿ ಜಾರಿದ ಮೇಲೆ ಅಮ್ಮ ಆ ಕಾಲನ್ನು ಕೊಂಚ ಎಳೆದು ಹಾಕುತ್ತಿದ್ದಳು. ಎಷ್ಟು ಎಳೆಯುತ್ತಿದ್ದಳೆಂದು ನೋಡಲು ಒಂದು ಸಂಜೆ ನಾನೇ ಅಂಗಳಕ್ಕಿಳಿದೆ. ಅಮ್ಮನ ಹಳೆಯ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಬಲಗೈಯಲ್ಲಿ ನೀರಿನ ತಂಬಿಗೆ ಹಿಡಿದು ತುಳಸಿಯನ್ನು ಸುತ್ತತೊಡಗಿದೆ. ಬಲಗಾಲು ಗಟ್ಟಿಯಾಗಿ, ಎಡಗಾಲು ಸರಕ್ಕನೆ. ಕಾಲುಂಗುರವಿಲ್ಲದ ನನ್ನ ಕಾಲಿಗೆ ಸದ್ದು ಬರಲೆಂದು ಬೆರಳಿಗೆ ಅಮ್ಮನ ಉಂಗುರವನ್ನೇ ಸಿಕ್ಕಿಸಿಕೊಂಡಿದ್ದೆ. ಬಂಡೆಯ ಮೇಲೆ ಟಣ್, ಸರಕ್, ಟಣ್, ಸರಕ್.

ಒಳಗಿನಿಂದ ಅಪ್ಪನ ದನಿ ಬಂತು. "ಏ, ಕೇಳಸ್ತೇನು? ಹಾಲಿಗೆ ಹೆಪ್ಪು ಹಾಕಿದ್ಯಾ?"

ನಾನು ನಿಂತುಬಿಟ್ಟೆ. ನನ್ನನ್ನು ಅಪ್ಪ ಯಾವಾಗಲೂ ಹೆಸರು ಹಿಡಿದೇ ಕರೆಯುತ್ತಿದ್ದರು. "ಏ, ಕೇಳಸ್ತೇನು" ಎಂಬುದು ಅವರ ಬಾಯಲ್ಲಿ ಅಮ್ಮನ ಹೆಸರು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಹಾಲಿಗೆ ಮಾತ್ರ ಅವತ್ತು ಹೆಪ್ಪು ಹಾಕುವುದು ನಿಜವಾಗಿಯೂ ಮರೆತೆ.

ಮರುದಿನವೇ ಬೊಂಬೆ ನಡೆಯಿತು. ಹಾಡು ಕೇಳುವ ಟೇಪ್ ರೆಕಾರ್ಡರಿನಲ್ಲೇ ಪ್ರೋಗ್ರಾಮನ್ನು ತುಂಬಿ ಇಡಬೇಕು. ದೇವರನಾಮದ ಹಳೆಯ ಕ್ಯಾಸೆಟ್ಟಿನ ಹಿಂಬದಿಯಲ್ಲಿ ಅಮ್ಮನನ್ನು ತುಂಬಿಸಿದೆ. ಹಾಕಿ ಕೇಳಿದರೆ ಮಿಡತೆ ಕೂಗಿದ ಹಾಗೆ ಕಿರ್ರೆನ್ನುತ್ತಿತ್ತು. ಅಷ್ಟು ದೊಡ್ಡ ಹೆಂಗಸು ಇಷ್ಟು ಸಣ್ಣ ಕಿರುಚಾಟದೊಳಗೆ ಮಲಗಿದ್ದಾಳೆ ಎಂದು ಎಣಿಸಿಕೊಂಡು ನಾನು ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದೆ.

ರಾಮಲಕ್ಷ್ಮಿ ಮೇಡಂ ಭಾನುವಾರ ಕೋಣೆ ತೆಗೆಸಲು ಒಪ್ಪಿದರು. "ತೊಂದರಗಾ ಅಯಿಪೋವಾಲಿ ಅನ್ನಪೂರ್ಣಾ, ಬೇಗ ಮುಗಿಸಿಬಿಡಿ," ಎಂದು ತೆಲುಗು ಕನ್ನಡ ಎರಡರಲ್ಲೂ ಎಚ್ಚರಿಸಿದರು. ಅಪ್ಪ ಜಟಕಾದಲ್ಲಿ ಬಂದರು, ಜೊತೆಗೆ ಗುರುಲಿಂಗಮ್ಮ. ಚಪ್ಪಲಿ ಬಿಡಿ ಎಂದು ದಸ್ತಗಿರಿ ಅಂದಾಗ ಅಪ್ಪನಿಗೆ ಯಂತ್ರದ ಮೇಲೆ ಗೌರವ ಹುಟ್ಟಿತು.

"ಇಲ್ಲೂ ಮಡಿ ಐತಲ್ಲಪಾ! ಭೇಷ್," ಎಂದು ಒಳಗೆ ಬಂದು ಕುರ್ಚಿಯಲ್ಲಿ ಕೂತರು.

ಧೂಳು ಬರದಿರಲೆಂದು ಕಿಟಕಿಗೆ ಹಾಕಿದ್ದ ಪರದೆಯಿಂದ ಕೋಣೆ ಹಗಲಿನಲ್ಲೇ ಮಂಕಾಗಿತ್ತು. ಕ್ಯಾಸೆಟ್ ಕಿರ್ರೆಂದು ಮುಗಿಯಿತು. ಆಮೇಲೆ ಕಪ್ಪು ಗಾಜಿನ ನಡುವೆ ಹಸಿರು ಗೆರೆಯ ತುಳಸಿಕಟ್ಟೆ ಮೂಡಿತು. ಎಡಗಡೆಯ ಅಂಚಿನಿಂದ ಒಂದು ಹೆಣ್ಣು ಬಂತು. ಅಂಗೈಯಷ್ಟೂ ಎತ್ತರವಿಲ್ಲ, ಮುಖವಿಲ್ಲ. ಕೈಯಲ್ಲಿ ತಂಬಿಗೆ ಎಂದುಕೊಂಡರೆ ತಂಬಿಗೆಯಾಗುವ ಎರಡು ಚೌಕ. ಬಲಗಾಲು ಊರಿತು, ಎಡಗಾಲು ಎಳೆಯಿತು. ಹೆಜ್ಜೆಗೊಂದು ಸಣ್ಣ ಸದ್ದನ್ನೂ ಸೇರಿಸಿದ್ದೆ. ಕಟ್ಟೆಯ ಮುಂದೆ ಹಾದು, ಬಲಕ್ಕೆ ಹೋಗಿ ತಿರುಗಿ, ಕಟ್ಟೆಯ ಹಿಂದೆ ಮರೆಯಾಗಿ, ಮತ್ತೆ ಎಡಕ್ಕೆ ಬಂತು. ಅಲ್ಲಿ ಏನೂ ಇಲ್ಲದ ಜಾಗದಲ್ಲಿ ಒಮ್ಮೆ ಬಗ್ಗಿ ಎದ್ದಿತು.

"ಹಗ್ಗ," ಎಂದರು ಅಪ್ಪ.

ಅದೊಂದೇ ಮಾತು. ಕುರ್ಚಿಯ ಕೈ ಹಿಡಿದುಕೊಂಡು ಮುಂದಕ್ಕೆ ಬಾಗಿದ್ದರು. ಗುರುಲಿಂಗಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದು, "ಆಕೀನ ಅದಾಳ ನೋಡವ್ವಾ, ಆಕೀನ," ಎಂದು ಅಳುತ್ತಿದ್ದರು. ನನಗೆ ಆಗ ಎಷ್ಟು ಸಂತೋಷವಾಯಿತೆಂದರೆ, ಹೈದರಾಬಾದಿನವರನ್ನೆಲ್ಲ ಕರೆಸಿ ತೋರಿಸಬೇಕು ಅನ್ನಿಸಿತು.

ಇನ್ನೊಂದು ಸುತ್ತು ಮುಗಿಯುವಷ್ಟರಲ್ಲಿ ಗುರುಲಿಂಗಮ್ಮನವರ ಅಳು ನಿಂತಿತು. "ಅಯ್ಯ ಶಿವನ! ಅನ್ನಪೂರ್ಣವ್ವಾ, ಉಲ್ಟಾ ಸುತ್ತಾಕತ್ತಾಳಲ್ಲವಾ!"

ನೋಡಿದೆ. ಹೌದು. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತಬೇಕು. ಅಮ್ಮ ತುಳಸಿಯನ್ನು ಎಡಕ್ಕೆ ಇಟ್ಟುಕೊಂಡು ನಡೆಯುತ್ತಿದ್ದಳು. ನಮ್ಮಲ್ಲಿ ಹಾಗೆ ಎಡಸುತ್ತು ಹೋಗುವುದು ಸತ್ತವರ ಕಾರ್ಯದಲ್ಲಿ ಮಾತ್ರ. ಅಂಕಿಗಳು ಎಡದಿಂದ ಬಲಕ್ಕೆ ಏರುತ್ತವೆ, ಅಕ್ಷರವೂ ಹಾಗೆಯೇ ಹೋಗುತ್ತದೆ. ಆ ರೂಢಿಯಲ್ಲಿ ನಾನು ಅಮ್ಮನನ್ನೂ ಕಟ್ಟೆಯ ಮುಂದೆ ಎಡದಿಂದ ಬಲಕ್ಕೆ ನಡೆಸಿಬಿಟ್ಟಿದ್ದೆ. ಕಾಲು ನೋಡುತ್ತ ನೋಡುತ್ತ ದಾರಿಯನ್ನೇ ನೋಡಿರಲಿಲ್ಲ. ಪಂಚಾಂಗದವರ ಮಗಳು! ದಿನವೂ ತುಳಸಿ ಸುತ್ತುವವಳು! ಜೀವಮಾನವೆಲ್ಲ ಒಂದು ದಿನವೂ ಪ್ರದಕ್ಷಿಣೆ ತಪ್ಪಿಸದ ಹೆಂಗಸನ್ನು, ಆಕೆಯ ಗಂಡನ ಕಣ್ಣೆದುರೇ ಅಪ್ರದಕ್ಷಿಣೆ ಹಾಕಿಸುತ್ತಿದ್ದೆ.

ಸರಿಪಡಿಸುವುದೂ ಸುಲಭವಿರಲಿಲ್ಲ. ಬೊಂಬೆಯನ್ನು ಕನ್ನಡಿಯಲ್ಲಿ ಕಂಡಂತೆ ಹೊರಳಿಸಿದರೆ ತಂಬಿಗೆ ಎಡಗೈಗೆ ಹೋಗುತ್ತದೆ, ನೋವಿನ ಕಾಲು ಬಲಗಾಲಾಗುತ್ತದೆ. ಆಗ ಅವಳು ಇನ್ಯಾರೋ ಆಗುತ್ತಾಳೆ. ಎಲ್ಲವನ್ನೂ ಮೊದಲಿನಿಂದ ಬರೆಯಬೇಕು.

"ಅಪ್ಪಾ, ತಪ್ಪಾತು. ನಿಲ್ಲಿಸಿಬಿಡ್ತೀನಿ," ಎಂದು ಕೀಲಿಯ ಮೇಲೆ ಬೆರಳಿಟ್ಟೆ.

"ತಡೀ," ಎಂದರು ಅಪ್ಪ.

ಸಿಟ್ಟಿನ ದನಿಯಲ್ಲ. ಪಂಚಾಂಗ ಗುಣಿಸುವಾಗ ಮಧ್ಯೆ ಯಾರಾದರೂ ಮಾತಾಡಿಸಿದರೆ ಹೇಳುವ 'ತಡೀ' ಅದು. ಎಡ ಅಂಗೈಯ ಮೇಲೆ ಬಲಗೈ ಬೆರಳಿನಿಂದ ಒಂದು ಸುತ್ತು ಬರೆದರು. ಆಮೇಲೆ ಅದರ ಮೇಲೆಯೇ ತಿರುಗಿಸಿ ಇನ್ನೊಂದು ಸುತ್ತು.

"ನೀ ಲೆಕ್ಕದ ಟೀಚರ್, ಹೇಳು. ಆಕಿ ಹಿಂಗ ಎಡಕ್ಕ ಸುತ್ತಿಗೋತ ಬರ್ತಾಳ. ನಾ ಶಾಸ್ತ್ರದ ಪ್ರಕಾರ ಬಲಕ್ಕ ಸುತ್ತಿಗೋತ ಹೊಂಟೀನಿ. ಏನಾಗ್ತದ?"

"ಎದುರಾಗ್ತೀರಿ. ಸುತ್ತಿಗೆ ಎರಡು ಸಲ."

"ಎದುರಾಗ್ತೀವಿ," ಎಂದರು ಅಪ್ಪ. "ಹಿಂದಿಂದ ಬರೋದು ಮುಗೀತು ಆಕೀದು."

ಗಾಜಿನೊಳಗೆ ಅಮ್ಮ ನಮ್ಮ ಮಾತು ಕಿವಿಗೆ ಹಾಕಿಕೊಳ್ಳದೆ ಸುತ್ತುತ್ತಿದ್ದಳು. ನಾವು ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು. ಕೊನೆಗೆ ಕರೆಂಟು ಹೋಯಿತು. ಅಂಗಳವೆಲ್ಲ ನಡುವಿನ ಒಂದು ಹಸಿರು ಚುಕ್ಕಿಯಾಗಿ ಕುಗ್ಗಿ, ಆ ಚುಕ್ಕಿಯೂ ಆರಿತು. ದಸ್ತಗಿರಿ ಪರದೆ ಸರಿಸಿ ಬಿಸಿಲು ಒಳಗೆ ಬಿಟ್ಟ.

ಜಟಕಾದಲ್ಲಿ ಮನೆಗೆ ಬರುವಾಗ ನನಗೆ ಒಳಗೊಳಗೇ ಅಳುಕಿತ್ತು. ನಡಿಗೆಯನ್ನೇನೋ ತಂದುಕೊಟ್ಟಿದ್ದೆ, ಆದರೆ ಅವರು ಕೇಳಿದ್ದು ಮುಖವನ್ನು. ಅದನ್ನು ಬರೆಯುವಷ್ಟು ಚೌಕಗಳು ನನ್ನ ಹತ್ತಿರವೂ ಇರಲಿಲ್ಲ, ಸರ್ಕಾರದ ಯಂತ್ರದ ಹತ್ತಿರವೂ ಇರಲಿಲ್ಲ.

ಸಂಜೆ ಅಪ್ಪ ಸ್ನಾನ ಮಾಡಿ ಅಂಗಳಕ್ಕಿಳಿದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ತುಳಸಿಯ ಮುಂದಿನ ದೀಪ ಇನ್ನೂ ಹಗಲಿನ ಬೆಳಕಿನಲ್ಲಿ ಕಂಡೂ ಕಾಣದಂತೆ ಉರಿಯುತ್ತಿತ್ತು. ಅಪ್ಪ ಕೈ ಮುಗಿದು, ಬಲಸುತ್ತು ಹೊರಟರು. ಸದಾ ನೆಲ ನೋಡಿಕೊಂಡು ಮಂತ್ರ ಹೇಳುತ್ತ ಸುತ್ತುತ್ತಿದ್ದ ಮನುಷ್ಯ ಅವತ್ತು ತಲೆ ಎತ್ತಿ ನಡೆದರು. ಕಟ್ಟೆಯ ಹಿಂದೆ ಹೋದರು, ಈಚೆ ಬಂದರು. ಹಗ್ಗ ಇದ್ದ ಜಾಗ ಬಂದಾಗ ನಿಂತು, ಎದುರಿನಿಂದ ಬರುವವರು ಮೊದಲು ಬಗ್ಗಿ ದಾಟಲಿ ಎಂಬಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು.

ಇನ್ನೊಂದು ಸುತ್ತಿನಲ್ಲಿ ಅದೇ ಜಾಗದಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತರು. ಆಮೇಲೆ ನೇರ ನನ್ನ ಹತ್ತಿರ ಬಂದರು. ಏದುಸಿರು ಬರುತ್ತಿತ್ತು.

"ಅನ್ನಪೂರ್ಣಾ, ನಿಮ್ಮಮ್ಮನ ಎಡ ಹುಬ್ಬಿನಾಗ ಒಂದು ಕಲಿ ಇತ್ತಲ್ಲ? ಕೂದಲಾ ಬರದಂಗ, ಹುಬ್ಬು ಅಲ್ಲಿ ಎರಡು ತುಂಡಾಗಿತ್ತು?"

ಇತ್ತು. ಒಗ್ಗರಣೆಯ ಎಣ್ಣೆ ಸಿಡಿದು ಆದದ್ದು. ನಾನು ಚಿಕ್ಕವಳಿದ್ದಾಗ ಅವಳ ತೊಡೆಯ ಮೇಲೆ ಮಲಗಿ ಆ ಸಂದಿಯಲ್ಲಿ ಬೆರಳಿಟ್ಟು ಆಡುತ್ತಿದ್ದೆ. ಅದರ ಕೆಳಗಿನ ಕಣ್ಣು, ಕಣ್ಣಿನ ಕೊನೆಯ ನೆರಿಗೆ, ನಗುವಾಗ ಮೊದಲು ಏಳುತ್ತಿದ್ದ ಆ ಕಡೆಯ ಕೆನ್ನೆ, ಎಲ್ಲ ಒಂದರ ಹಿಂದೆ ಒಂದು ಬಂದವು.

"ಇತ್ತಪ್ಪಾ. ನಾನೂ ಮರೆತಿದ್ದೆ," ಎಂದೆ.

"ಮರೀಬಾರದು," ಎಂದರು ಅಪ್ಪ. ಉತ್ತರೀಯ ಸರಿಮಾಡಿಕೊಂಡು, "ನೀ ಒಲಿ ನೋಡು. ಆಕಿ ಬರೋ ಹೊತ್ತಾತು, ನಾ ಇನ್ನೊಂದು ಸುತ್ತು ಹಾಕ್ತೀನಿ," ಎಂದು ಮತ್ತೆ ಅಂಗಳಕ್ಕೆ ಇಳಿದರು.